ಕ್ಷಮಿಸಿದರೆಂದು ಕೇಸು ಮುಗಿಯುವುದಿಲ್ಲ

2015ರ ಮಾರ್ಚ್ 13ರಂದು ಕೋಲ್ಕತ್ತದಲ್ಲಿ ಸುಜೆಟ್ ಜೋರ್ಡನ್ ತೀರಿಕೊಂಡರು. ಅದೇ ರಾತ್ರಿ ಕಳೆದು 14ರ ಬೆಳಗಾಗುವಷ್ಟರಲ್ಲಿ, ನಾದಿಯಾ ಜಿಲ್ಲೆಯ ರಾಣಾಘಾಟ್ ಸಮೀಪದ ಜೀಸಸ್ ಆ್ಯಂಡ್ ಮೇರಿ ಕಾನ್ವೆಂಟಿಗೆ ದರೋಡೆಕೋರರು ನುಗ್ಗಿದರು. ಹಣ ದೋಚಿದ್ದಲ್ಲದೆ, ಎಪ್ಪತ್ತು ದಾಟಿದ ಕನ್ಯಾಸ್ತ್ರೀಯೊಬ್ಬರ ಮೇಲೆ ಅತ್ಯಾಚಾರ ಎಸಗಿ ಹೋದರು. ಮೊದಲನೆಯವರು 2012ರ ಫೆಬ್ರುವರಿಯಲ್ಲಿ ಪಾರ್ಕ್ ಸ್ಟ್ರೀಟಿನಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದ ಆಂಗ್ಲೋ-ಇಂಡಿಯನ್ ಹೆಣ್ಣುಮಗಳು, ಇಬ್ಬರು ಹೆಣ್ಣುಮಕ್ಕಳ ತಾಯಿ. ಎರಡನೆಯವರ ಹೆಸರು ನಮಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಆಕೆ ತನ್ನ ಮೇಲೆರಗಿದವರನ್ನು ಕ್ಷಮಿಸಿದ್ದಾರೆಂಬ ಸುದ್ದಿ ಮುಂದಿನ ದಿನಗಳಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಓದಿದವರು ಕಣ್ಣೊರೆಸಿಕೊಂಡರು. ಸುಜೆಟ್ ಯಾರನ್ನಾದರೂ ಕ್ಷಮಿಸಿದರೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಆಕೆಯನ್ನೇ ಕ್ಷಮಿಸಬೇಕೋ ಬೇಡವೋ ಎಂಬ ಲೆಕ್ಕದಲ್ಲಿ ಊರು ಮೂರು ವರ್ಷ ಕಳೆದಿತ್ತು.

ಈ ಎರಡು ಪ್ರತಿಕ್ರಿಯೆಗಳ ಹಿಂದೆ ಇರುವುದು ಒಂದೇ ನಂಬಿಕೆ. ಕ್ರೈಸ್ತಧರ್ಮವೆಂದರೆ ಕ್ಷಮೆ, ಕ್ಷಮೆಯೆಂದರೆ ಬಿಟ್ಟುಬಿಡುವುದು, ಹಾಗೆ ಬಿಟ್ಟುಬಿಡುವುದೇ ಸಹಿಷ್ಣುತೆ ಎಂಬ ನಂಬಿಕೆ. ಚರ್ಚಿನ ಹೊರಗಿನವರು ಇದನ್ನು ಹೊಗಳಿಕೆಯ ಧಾಟಿಯಲ್ಲಿ ಹೇಳುತ್ತಾರೆ. ಒಳಗಿನವರು ಇದನ್ನೇ ಪ್ರವಚನ ಮಾಡುತ್ತಾರೆ. ರಾಜಕಾರಣಿಗಳಿಗಂತೂ ಇದಕ್ಕಿಂತ ಅನುಕೂಲದ ಸಿದ್ಧಾಂತ ಬೇರೊಂದಿಲ್ಲ. ಈ ಮೂರು ಸಮೀಕರಣಗಳೂ ಸುಳ್ಳು. ಬರೀ ಸುಳ್ಳಾಗಿದ್ದರೆ ಸುಮ್ಮನಿರಬಹುದಿತ್ತು. ಏಟು ತಿಂದವರ ಬಾಯಿ ಮುಚ್ಚಿಸಲು ಇವು ದಿನಾ ಬಳಕೆಯಾಗುತ್ತಿವೆ, ಆದ್ದರಿಂದ ಸುಮ್ಮನಿರಲು ಬರುವುದಿಲ್ಲ.

ರಾಣಾಘಾಟಿನ ವಿಷಯವನ್ನೇ ಮೊದಲು ನೋಡೋಣ. ಆ ಹಿರಿಯ ಸಿಸ್ಟರ್ ಕ್ಷಮಿಸಿದ್ದರಿಂದ ಏನಾಯಿತು? ಕಾನೂನಿನ ಲೆಕ್ಕದಲ್ಲಿ ಏನೂ ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಅತ್ಯಾಚಾರ, ದರೋಡೆ ಎರಡೂ ನಮ್ಮಲ್ಲಿ ರಾಜಿಯಾಗಬಲ್ಲ ಅಪರಾಧಗಳಲ್ಲ. ಕಟಕಟೆಯ ಒಂದು ಕಡೆ ಆರೋಪಿ ನಿಂತರೆ ಇನ್ನೊಂದು ಕಡೆ ನಿಲ್ಲುವುದು ಸರ್ಕಾರ. ನೊಂದವರು ಕ್ಷಮಿಸಿದರೂ ಸರ್ಕಾರ ಕ್ಷಮಿಸುವ ಹಾಗಿಲ್ಲ. ಅದೇ 2015ರ ಜುಲೈನಲ್ಲಿ, ಮಧ್ಯಪ್ರದೇಶದ ಮದನ್‌ಲಾಲ್ ಪ್ರಕರಣದಲ್ಲಿ, ಅತ್ಯಾಚಾರದ ವಿಷಯದಲ್ಲಿ ರಾಜಿಯ ಮಾತೇ ಕೂಡದೆಂದು ಸುಪ್ರೀಂ ಕೋರ್ಟು ಖಂಡಿತವಾಗಿ ಹೇಳಿತು. ರಾಣಾಘಾಟ್ ಪ್ರಕರಣದ ವಿಚಾರಣೆ ಕೋಲ್ಕತ್ತದ ನಗರ ಸೆಷನ್ಸ್ ನ್ಯಾಯಾಲಯದಲ್ಲಿ ನಡೆಯಿತು. 2017ರ ನವೆಂಬರಿನಲ್ಲಿ ಅತ್ಯಾಚಾರಿಗೆ ಜೀವಾವಧಿ, ಜೊತೆಗಾರರಿಗೆ ವರ್ಷಗಟ್ಟಲೆ ಸೆರೆವಾಸ ಆಯಿತು. ಆ ತೀರ್ಪಿನಿಂದ ಸಿಸ್ಟರ್ ಕೊಟ್ಟ ಕ್ಷಮೆಗೆ ಕಿಂಚಿತ್ತೂ ಕುಂದು ಬರಲಿಲ್ಲ. ಕ್ಷಮೆ ಆಕೆಯದು, ಶಿಕ್ಷೆ ರಾಜ್ಯದ್ದು. ಒಂದರ ದಾರಿಗೆ ಇನ್ನೊಂದು ಅಡ್ಡ ಬರುವುದಿಲ್ಲ.

ಆಗ ಕೋಲ್ಕತ್ತದ ಮಹಾಧರ್ಮಾಧ್ಯಕ್ಷರಾಗಿದ್ದವರು ಥಾಮಸ್ ಡಿಸೋಜ. ನಮ್ಮ ಕುಂದಾಪುರದ ಕಡೆಯ ಆನಗಳ್ಳಿಯಲ್ಲಿ ಹುಟ್ಟಿ, ಉತ್ತರ ಬಂಗಾಳದ ಬಾಗ್‌ಡೋಗ್ರಾದಲ್ಲಿ ಬಿಷಪರಾಗಿದ್ದು, 2012ರಲ್ಲಿ ಕೋಲ್ಕತ್ತದ ಪೀಠಕ್ಕೆ ಬಂದವರು. ಅವರು ಆ ದಿನಗಳಲ್ಲಿ ಪ್ರಾರ್ಥನೆಗೂ ಕರೆ ಕೊಟ್ಟರು, ತಪ್ಪಿತಸ್ಥರನ್ನು ಹಿಡಿದು ನ್ಯಾಯದ ಮುಂದೆ ನಿಲ್ಲಿಸಿ ಎಂದೂ ಕೇಳಿದರು. ಒಂದೇ ಬಾಯಲ್ಲಿ ಎರಡು ಮಾತು ಎಂದು ಮೂಗು ಮುರಿದವರಿಗೆ ಕ್ರೈಸ್ತರ ಧರ್ಮ ಅರ್ಥವಾಗಿಲ್ಲ ಎಂದೇ ಹೇಳಬೇಕು.

ಇದೊಂದೇ ಉದಾಹರಣೆಯಾಗಿದ್ದರೆ ಅಪವಾದವೆಂದು ತಳ್ಳಿಹಾಕಬಹುದಿತ್ತು. 1999ರ ಜನವರಿ 22ರ ರಾತ್ರಿ ಪಕ್ಕದ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಅವರನ್ನು, ಹತ್ತು ವರ್ಷದ ಫಿಲಿಪ್ ಮತ್ತು ಆರು ವರ್ಷದ ತಿಮೊತಿಯ ಸಮೇತ, ಮಲಗಿದ್ದ ಜೀಪಿನೊಳಗೇ ಸುಟ್ಟರು. ಪತ್ನಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಈ ಮಾತು ಕನ್ನಡದಲ್ಲೂ ಎಷ್ಟು ಸಲ ಅಚ್ಚಾಗಿದೆಯೋ ಲೆಕ್ಕವಿಲ್ಲ. ಅದರ ಜೊತೆಗೇ ಆಕೆ ಹೇಳಿದ ಇನ್ನೊಂದು ಮಾತು ಮಾತ್ರ ಅಚ್ಚಿನ ಮನೆಯಿಂದ ಹೊರಗೆ ಬರುವುದೇ ಅಪರೂಪ. ನನ್ನ ಕ್ಷಮೆ ಬೇರೆ, ಅಪರಾಧಕ್ಕೆ ಕಾನೂನು ಕೊಡುವ ಫಲ ಬೇರೆ, ಎರಡನ್ನೂ ಕಲಸಬೇಡಿ ಎಂಬ ಅರ್ಥದ ಮಾತು ಅದು. ದಾರಾ ಸಿಂಗ್‌ಗೆ 2003ರಲ್ಲಿ ಮರಣದಂಡನೆಯಾಯಿತು. 2005ರಲ್ಲಿ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜೀವಾವಧಿಯನ್ನೇ ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ಸ್ಟೇನ್ಸ್‌ಗೆ ಅವರ ಧಾರ್ಮಿಕ ಚಟುವಟಿಕೆಗಾಗಿ ಪಾಠ ಕಲಿಸುವ ಉದ್ದೇಶ ಕೊಲೆಗಾರರಿಗಿತ್ತು ಎಂಬರ್ಥದ ವಾಕ್ಯಗಳಿದ್ದವು. ಗಲಾಟೆ ಎದ್ದ ಮೇಲೆ ಕೆಲವೇ ದಿನಗಳಲ್ಲಿ ಕೋರ್ಟು ತಾನೇ ಅವನ್ನು ತೆಗೆದುಹಾಕಿತು. ಗ್ಲಾಡಿಸ್ ಅವರ ಕ್ಷಮೆಯನ್ನು ಕೊಂಡಾಡಿದವರಲ್ಲಿ ಎಷ್ಟು ಮಂದಿ ಆ ವಾಕ್ಯಗಳ ವಿರುದ್ಧ ದನಿ ಎತ್ತಿದ್ದರು ಎಂಬುದನ್ನು ಅವರವರೇ ನೆನಪು ಮಾಡಿಕೊಳ್ಳಲಿ.

ಎರಡನೇ ಜಾನ್ ಪಾಲ್ ಪೋಪರ ಕಥೆಯೂ ಹೀಗೇ ಅರ್ಧಕ್ಕೆ ನಿಲ್ಲುತ್ತದೆ. 1981ರ ಮೇ 13ರಂದು ಅವರ ಮೇಲೆ ಗುಂಡು ಹಾರಿಸಿದ ಅಲಿ ಅಗ್ಜಾನನ್ನು ಅವರು ಆಸ್ಪತ್ರೆಯ ಹಾಸಿಗೆಯಿಂದಲೇ ಕ್ಷಮಿಸಿದರು. 1983ರ ಡಿಸೆಂಬರಿನಲ್ಲಿ ರೋಮಿನ ಜೈಲಿಗೆ ಹೋಗಿ ಅವನ ಕೈ ಹಿಡಿದು ಕೂತರು. ಆ ಚಿತ್ರ ಜಗತ್ತೆಲ್ಲ ನೋಡಿದೆ. ಮಾತು ಮುಗಿದ ಮೇಲೆ ಪೋಪರು ಜೈಲಿನಿಂದ ಹೊರಗೆ ಬಂದರು, ಅಗ್ಜಾ ಬರಲಿಲ್ಲ. ಇಟಲಿಯ ಅಧ್ಯಕ್ಷರು ಅವನಿಗೆ ಕ್ಷಮಾದಾನ ಕೊಟ್ಟದ್ದು 2000ದಲ್ಲಿ. ಹತ್ತೊಂಬತ್ತು ವರ್ಷ ಅವನು ಒಳಗಿದ್ದ.

ಇಷ್ಟು ಹೇಳಿದರೆ ನಮ್ಮ ಊರಿನ ಜಾಣರು ಒಂದು ಕುಹಕ ತೆಗೆಯುತ್ತಾರೆ. ಕ್ರೈಸ್ತರಿಗೇನಪ್ಪ, ವಾರವೆಲ್ಲ ಪಾಪ ಮಾಡಿ ಭಾನುವಾರ ಪಾದ್ರಿಯ ಕಿವಿಗೆ ಊದಿದರೆ ಖಾತೆ ಚುಕ್ತಾ ಎಂದು. ಹೀಗೆನ್ನುವವರು ಪಾಪನಿವೇದನೆಯ ಪೆಟ್ಟಿಗೆಯ ಹತ್ತಿರವೂ ಸುಳಿದವರಲ್ಲ. ಅಲ್ಲಿ ನಡೆಯುವುದು ಇಷ್ಟು. ಮಂಡಿಯೂರಿದವನು ಮೊದಲು ಪಶ್ಚಾತ್ತಾಪ ಪಡಬೇಕು, ಅದೂ ಇನ್ನು ಮುಂದೆ ಮಾಡುವುದಿಲ್ಲ ಎಂಬ ಸಂಕಲ್ಪದ ಜೊತೆ. ಆಮೇಲೆ ಮಾಡಿದ್ದನ್ನು ಬಾಯಿಬಿಟ್ಟು ಹೇಳಬೇಕು. ನನ್ನಿಂದ ಏನೋ ತಪ್ಪಾಗಿರಬಹುದು ಎಂಬ ಮೊಗುಮ್ಮಿನ ಮಾತು ನಡೆಯುವುದಿಲ್ಲ, ಇಂಥದ್ದು ಮಾಡಿದೆ ಎನ್ನಬೇಕು. ಜಾಲರಿಯ ಆಚೆ ಕೂತ ಗುರುಗಳು ಪ್ರಾಯಶ್ಚಿತ್ತ ವಿಧಿಸುತ್ತಾರೆ, ಪಾಪವಿಮೋಚನೆಯ ಪ್ರಾರ್ಥನೆ ಹೇಳುತ್ತಾರೆ. ಅಲ್ಲಿಗೂ ಮುಗಿಯಲಿಲ್ಲ. ಕದ್ದಿದ್ದರೆ ಕದ್ದದ್ದನ್ನು ಹಿಂದಿರುಗಿಸಬೇಕು, ಚಾಡಿ ಹೇಳಿ ಒಬ್ಬರ ಮಾನ ಕಳೆದಿದ್ದರೆ ಆ ಮಾನವನ್ನು ಮರಳಿ ಕಟ್ಟಿಕೊಡಲು ಕೈಲಾದದ್ದು ಮಾಡಬೇಕು. ಪಾಪವಿಮೋಚನೆಯಿಂದ ಪಾಪ ಹೋದರೂ ಪಾಪ ಉಂಟುಮಾಡಿದ ಹಾನಿ ಹೋಗುವುದಿಲ್ಲ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶವೇ ಸ್ಪಷ್ಟವಾಗಿ ಹೇಳುತ್ತದೆ. ಹಿಂದಿರುಗಿಸುವ ಮನಸ್ಸೇ ಇಲ್ಲದೆ ಬಂದ ಕಳ್ಳನಿಗೆ ಅಲ್ಲಿ ಸಿಗುವುದು ಏನೂ ಇಲ್ಲ.

ಶುಭಸಂದೇಶದ ಜಕ್ಕಾಯನನ್ನು ನೋಡಿ. ಸುಂಕದವನು, ಜನರನ್ನು ಸುಲಿದು ದುಡ್ಡು ಮಾಡಿದವನು. ಯೇಸು ಅವನ ಮನೆಗೆ ಅತಿಥಿಯಾಗಿ ಹೋದಾಗ ಊರಿನವರು ಗೊಣಗಿದರು. ಜಕ್ಕಾಯ ಕಣ್ಣೀರು ಹಾಕಿ ಸುಮ್ಮನಾಗಲಿಲ್ಲ. ಆಸ್ತಿಯ ಅರ್ಧ ಬಡವರಿಗೆ, ಮೋಸ ಮಾಡಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದು ಲೆಕ್ಕ ಒಪ್ಪಿಸಿದ. ಈ ಮನೆಗೆ ರಕ್ಷಣೆ ಬಂತು ಎಂದು ಯೇಸು ಹೇಳಿದ್ದು ಆ ಲೆಕ್ಕ ಕೇಳಿದ ಮೇಲೆ. ಪಾಪಕ್ಕೂ ದುಡ್ಡಿಗೂ ಇರುವ ನಂಟನ್ನು ಇದಕ್ಕಿಂತ ನೇರವಾಗಿ ಹೇಳಿದ ಕಥೆ ಬೇರೆ ಧರ್ಮಗಳಲ್ಲಿ ಇದ್ದರೆ ಓದುಗರೇ ತೋರಿಸಲಿ. ಸುಲಭದ ದಾರಿ ಹುಡುಕುವುದೇನೂ ಕ್ರೈಸ್ತರ ಗುತ್ತಿಗೆಯಲ್ಲ. ಕಾಳಿಘಾಟಿನಿಂದ ಹಿಡಿದು ಕೂಡಲದವರೆಗೆ ನೀರಿನಲ್ಲಿ ಮೂರು ಮುಳುಗು ಹಾಕಿ ಹಗುರಾಗುವವರನ್ನು ನಮ್ಮ ವಚನಕಾರರೂ ದಾಸರೂ ಸಾಕಷ್ಟು ಗೇಲಿ ಮಾಡಿದ್ದಾರೆ.

ಈಗ ಚರ್ಚಿನೊಳಗಿನವರ ಕಡೆ ತಿರುಗುತ್ತೇನೆ, ಏಕೆಂದರೆ ದೊಡ್ಡ ತಪ್ಪು ಅಲ್ಲಿದೆ. ಏಳೆಪ್ಪತ್ತು ಸಲ ಕ್ಷಮಿಸಬೇಕೆಂದು ಪೇತ್ರನಿಗೆ ಯೇಸು ಹೇಳಿದ ಮಾತು ಮತ್ತಾಯನ ಹದಿನೆಂಟನೇ ಅಧ್ಯಾಯದಲ್ಲಿದೆ. ಪ್ರವಚನಪೀಠದಿಂದ ಈ ಮಾತನ್ನು ಕೇಳದ ಕ್ರೈಸ್ತನಿಲ್ಲ. ಅದಕ್ಕಿಂತ ಕೆಲವೇ ವಚನಗಳ ಹಿಂದೆ, ಅದೇ ಅಧ್ಯಾಯದಲ್ಲಿ, ಅದೇ ಯೇಸು, ಸಹೋದರ ನಿನಗೆ ತಪ್ಪು ಮಾಡಿದರೆ ಏನು ಮಾಡಬೇಕೆಂದು ಹೇಳಿದ್ದಾನೆ. ಹೋಗಿ ಮುಖಾಮುಖಿ ಹೇಳು. ಕೇಳದಿದ್ದರೆ ಒಂದಿಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಯ ಮುಂದಿಡು. ಸಭೆಯ ಮಾತನ್ನೂ ಮೀರಿದರೆ ಅವನನ್ನು ಹೊರಗಿನವನೆಂದು ಎಣಿಸು. ಇದು ದೂರು ಕೊಡುವ ಕ್ರಮ. ಸಾಕ್ಷಿ, ವಿಚಾರಣೆ, ತೀರ್ಮಾನ ಎಲ್ಲ ಇದರಲ್ಲಿವೆ. ಈ ವಚನಗಳನ್ನು ಹಾರಿಸಿ ಆ ವಚನವನ್ನು ಮಾತ್ರ ಓದುವವರು ಯಾರ ಅನುಕೂಲಕ್ಕೆ ಓದುತ್ತಿದ್ದಾರೆ?

ಉತ್ತರವನ್ನು ಐರ್ಲೆಂಡಿನಿಂದ ಅಮೆರಿಕದವರೆಗೆ ಜಗತ್ತು ನೋಡಿದೆ. ಮಕ್ಕಳ ಮೇಲೆ ಕೈಹಾಕಿದ ಪಾದ್ರಿಗಳನ್ನು ಅವರು ಪಶ್ಚಾತ್ತಾಪ ಪಟ್ಟರೆಂಬ ಕಾರಣ ಹೇಳಿ ಒಂದು ಚರ್ಚಿನಿಂದ ಇನ್ನೊಂದಕ್ಕೆ ವರ್ಗಾಯಿಸಿದರು. ಪೊಲೀಸರಿಗೆ ಹೇಳಲಿಲ್ಲ, ಹೊಸ ಊರಿನ ತಾಯ್ತಂದೆಯರಿಗೂ ಹೇಳಲಿಲ್ಲ. 2002ರಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆ ಕಡತಗಳನ್ನು ಹೊರಗೆಳೆದ ಮೇಲೆ ಗೊತ್ತಾಯಿತು, ಆ ಕ್ಷಮೆಯ ಬೆಲೆ ಕಟ್ಟಿದವರು ಎರಡನೇ ಊರಿನ ಮಕ್ಕಳು ಎಂದು. 2010ರ ಮೇ ತಿಂಗಳಲ್ಲಿ ಪೋರ್ಚುಗಲ್‌ಗೆ ಹೊರಟ ವಿಮಾನದಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಪತ್ರಕರ್ತರಿಗೆ ಹೇಳಿದ್ದು ಇದನ್ನೇ: ಕ್ಷಮೆ ನ್ಯಾಯಕ್ಕೆ ಬದಲಿಯಲ್ಲ. ಸಂಪ್ರದಾಯದ ಕಟ್ಟಾಳು ಎಂದೇ ಹೆಸರಾದ ದೇವಶಾಸ್ತ್ರಿಯ ಬಾಯಿಂದ ಬಂದ ಮಾತಿದು, ಯಾವುದೋ ನಾಸ್ತಿಕನದಲ್ಲ. ನಮ್ಮ ಎಷ್ಟು ಪ್ರವಚನಪೀಠಗಳಿಗೆ ಇದು ಈವರೆಗೆ ತಲುಪಿದೆಯೋ!

ಕೋಲ್ಕತ್ತದ ಬಗ್ಗೆ ಬರೆಯುತ್ತ ಮದರ್ ತೆರೆಸಾರನ್ನು ಬಿಟ್ಟು ಹೋಗುವಂತಿಲ್ಲ. ಆಚಾರ್ಯ ಜಗದೀಶಚಂದ್ರ ಬೋಸ್ ರಸ್ತೆಯ 54ಎ, ಮದರ್ ಹೌಸ್. ಒಳಗೆ ಬಿಳಿಯ ಸರಳ ಸಮಾಧಿ, ಅದರ ಮೇಲೆ ಸೇವಂತಿಗೆ, ಚೆಂಡುಹೂವಿನ ಎಸಳುಗಳನ್ನು ಜೋಡಿಸಿ ಸಿಸ್ಟರುಗಳು ಬರೆಯುವ ಪುಟ್ಟ ಸಂದೇಶ. 1952ರ ಆಗಸ್ಟಿನಲ್ಲಿ ಕಾಳಿಘಾಟಿನ ದೇಗುಲದ ಮಗ್ಗುಲಲ್ಲೇ ಸಾಯುವವರಿಗಾಗಿ ನಿರ್ಮಲ ಹೃದಯ ತೆರೆದ ಆ ಹೆಂಗಸಿನ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ. ಬೀದಿಯಲ್ಲಿ ಹುಳ ಬಿದ್ದ ದೇಹವನ್ನು ಎತ್ತಿ ತಂದು ತೊಳೆದವರನ್ನು ಮೇಜಿನ ಮುಂದೆ ಕೂತು ಟೀಕಿಸುವುದು ಸುಲಭ ಎಂಬುದೂ ಗೊತ್ತಿದೆ. ಆದರೂ ಎರಡು ಪ್ರಸಂಗಗಳಲ್ಲಿ ಮದರ್ ತಪ್ಪಿದರು. ಸಂತಪದವಿ ಬಂದಿತೆಂದು ಆ ತಪ್ಪು ಸರಿಯಾಗುವುದಿಲ್ಲ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಯೂನಿಯನ್ ಕಾರ್ಬೈಡಿನ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಕೆಲವೇ ದಿನಗಳಲ್ಲಿ ಮದರ್ ಅಲ್ಲಿಗೆ ಹೋದರು, ರೋಗಿಗಳನ್ನು ಸಂತೈಸಿದರು. ಕ್ಷಮಿಸಿ ಎಂದರು. ಆ ಹೊತ್ತಿಗೆ ಕಂಪನಿ ತಪ್ಪು ಒಪ್ಪಿಕೊಂಡಿರಲಿಲ್ಲ. ಅದರ ಮುಖ್ಯಸ್ಥ ವಾರೆನ್ ಆ್ಯಂಡರ್ಸನ್‌ನನ್ನು ಬಂಧಿಸಿ, ಜಾಮೀನು ಕೊಟ್ಟು, ವಿಮಾನ ಹತ್ತಿಸಿ ಕಳಿಸಿಯಾಗಿತ್ತು. ಅವನು ಮತ್ತೆ ಇಲ್ಲಿನ ಯಾವ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಲಿಲ್ಲ, 2014ರಲ್ಲಿ ಅಮೆರಿಕದಲ್ಲೇ ಸತ್ತ. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. 2010ರಲ್ಲಿ ಕಂಪನಿಯ ಭಾರತೀಯ ಅಧಿಕಾರಿಗಳಿಗೆ ಕೊಟ್ಟ ಶಿಕ್ಷೆ ಎರಡು ವರ್ಷ. ತಪ್ಪು ಒಪ್ಪಿಕೊಳ್ಳದವನನ್ನು, ನಷ್ಟ ತುಂಬಿಕೊಡದವನನ್ನು ಕ್ಷಮಿಸಿ ಎಂದು ಕಣ್ಣು ಕಳೆದುಕೊಂಡವನಿಗೆ ಹೇಳುವ ಹಕ್ಕು ಯಾರಿಗಿದೆ? ಪಾಪನಿವೇದನೆಯ ಪೆಟ್ಟಿಗೆಯಲ್ಲಿ ಕೂಡ ಆ್ಯಂಡರ್ಸನ್‌ಗೆ ವಿಮೋಚನೆ ಸಿಗುತ್ತಿರಲಿಲ್ಲ. ಅವನು ಮಂಡಿಯೂರಿಯೇ ಇರಲಿಲ್ಲವಲ್ಲ.

ಎರಡನೆಯದು 1992ರದು. ಅಮೆರಿಕದಲ್ಲಿ ಚಾರ್ಲ್ಸ್ ಕೀಟಿಂಗ್ ಎಂಬ ಹಣಕಾಸಿನ ಕುಳ ಸಾವಿರಾರು ಸಣ್ಣ ಉಳಿತಾಯಗಾರರಿಗೆ ಟೋಪಿ ಹಾಕಿದ್ದ. ಅದರ ನಡುವೆ ಮದರ್ ಅವರ ಸಂಸ್ಥೆಗೆ ಹನ್ನೆರಡೂವರೆ ಲಕ್ಷ ಡಾಲರ್ ದಾನ ಕೊಟ್ಟಿದ್ದ. ಶಿಕ್ಷೆಯ ಪ್ರಮಾಣ ನಿಗದಿಯಾಗುವ ಮುಂಚೆ ಮದರ್ ನ್ಯಾಯಾಧೀಶ ಲ್ಯಾನ್ಸ್ ಇಟೊಗೆ ಪತ್ರ ಬರೆದು ದಯೆ ತೋರಿಸಿ ಎಂದರು. ಸರ್ಕಾರಿ ವಕೀಲ ಪಾಲ್ ಟರ್ಲಿ ಅವರಿಗೆ ವಿನಯವಾಗಿಯೇ ಉತ್ತರ ಬರೆದ. ಆ ದುಡ್ಡು ಕದ್ದ ದುಡ್ಡು, ಕಳೆದುಕೊಂಡವರ ಪಟ್ಟಿ ನಮ್ಮಲ್ಲಿದೆ, ನೀವು ಹಿಂದಿರುಗಿಸಿದರೆ ಅವರಿಗೆ ತಲುಪಿಸುತ್ತೇವೆ ಎಂಬುದು ಪತ್ರದ ಸಾರ. ಕೋಲ್ಕತ್ತದಿಂದ ಉತ್ತರ ಹೋಗಲಿಲ್ಲ. (ಆ ತೀರ್ಪು ಮುಂದೆ ಮೇಲ್ಮನವಿಯಲ್ಲಿ ಬಿತ್ತು, 1999ರಲ್ಲಿ ಕೀಟಿಂಗ್ ಬೇರೆ ವಂಚನೆಯ ಆರೋಪಗಳಲ್ಲಿ ತಾನೇ ತಪ್ಪೊಪ್ಪಿಕೊಂಡ. ಇದನ್ನೂ ಹೇಳದಿದ್ದರೆ ಅನ್ಯಾಯವಾದೀತು.) ಟರ್ಲಿ ಕೇಳಿದ್ದು ಜಕ್ಕಾಯ ತಾನಾಗಿ ಕೊಟ್ಟದ್ದನ್ನೇ. ಪಾಪ ಮಾಡಿದವನ ಪರವಾಗಿ ದಯೆ ಬೇಡಿದ ಸಂತಳು ಮೋಸಹೋದ ಮುದುಕ ಮುದುಕಿಯರ ಪರವಾಗಿ ಒಂದು ಸಾಲು ಬರೆಯಲಿಲ್ಲ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಏಟು ತಿನ್ನದವರು ಹಂಚುವ ಕ್ಷಮೆ ಅಂಥದ್ದು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ಹಗುರವಾದದ್ದಲ್ಲ. ತಪ್ಪಿಹೋದ ಮಗನ ಕಥೆಯಲ್ಲಿ ತಂದೆ ಲೆಕ್ಕ ಕೇಳಿದನೇ? ಆಸ್ತಿಯ ಪಾಲು ಹಾಳುಮಾಡಿ ಬಂದ ಮಗನನ್ನು ದೂರದಿಂದ ಕಂಡೇ ಓಡಿಹೋಗಿ ಅಪ್ಪಿಕೊಂಡನಲ್ಲ? ಹೌದು, ಅಪ್ಪಿಕೊಂಡ. ಆದರೆ ಹಾಳಾದದ್ದು ತಂದೆ ಹಂಚಿಕೊಟ್ಟ ಆಸ್ತಿ, ನೊಂದವನು ತಂದೆಯೇ. ತನ್ನ ನೋವನ್ನು ತಾನು ಮನ್ನಿಸುವ ಹಕ್ಕು ಅವನಿಗಿತ್ತು. ಮಗನೂ ತಪ್ಪೊಪ್ಪಿಗೆಯ ಮಾತನ್ನು ಬಾಯಲ್ಲಿ ಹಿಡಿದೇ ಬಂದಿದ್ದ. ಪಕ್ಕದ ಮನೆಯವನ ಹೊಲಕ್ಕೆ ಬೆಂಕಿ ಹಚ್ಚಿ ಬಂದ ಮಗನನ್ನು ತಂದೆ ಅಪ್ಪಿಕೊಂಡು ಹಬ್ಬ ಮಾಡಿದ್ದರೆ ಕಥೆ ಬೇರೆಯಾಗುತ್ತಿತ್ತು.

ಕ್ಷಮೆಯ ಇಂಥದೇ ಪ್ರಶ್ನೆಯ ಸುತ್ತ ಕೋಲ್ಕತ್ತದಲ್ಲಿ ಇನ್ನೂರು ವರ್ಷಗಳ ಹಿಂದೆಯೇ ಒಂದು ದೊಡ್ಡ ಜಗಳ ನಡೆದಿದೆ. 1820ರಲ್ಲಿ ರಾಜಾ ರಾಮಮೋಹನ ರಾಯರು ನಾಲ್ಕು ಶುಭಸಂದೇಶಗಳಿಂದ ಯೇಸುವಿನ ನೀತಿಬೋಧೆಯನ್ನಷ್ಟೇ ಆಯ್ದು ಪುಸ್ತಕ ಮಾಡಿದರು. ಪವಾಡಗಳನ್ನು, ಸಿದ್ಧಾಂತದ ಭಾಗಗಳನ್ನು ಬಿಟ್ಟರು. ಶಾಂತಿಗೂ ಸುಖಕ್ಕೂ ಇಷ್ಟು ಸಾಕು ಎಂಬುದು ಅವರ ನಿಲುವು. ಶ್ರೀರಾಮಪುರದ ಬ್ಯಾಪ್ಟಿಸ್ಟ್ ಮಿಷನರಿ ಜೋಶುವಾ ಮಾರ್ಷ್‌ಮನ್ ಕೆರಳಿದರು. ಮನುಷ್ಯ ಪಾಪಿ, ಕ್ರಿಸ್ತನ ರಕ್ತವಿಲ್ಲದೆ ಅವನಿಗೆ ಕ್ಷಮೆಯಿಲ್ಲ, ಅದನ್ನು ಬಿಟ್ಟು ಬರೀ ನೀತಿ ಇಟ್ಟುಕೊಂಡರೆ ಉಳಿಯುವುದೇನು ಎಂದು ವಾದಿಸಿದರು. ವಾದಿಸಲಿ, ಅದು ಅವರ ಹಕ್ಕು. ಆದರೆ ಮಿಷನ್ನಿನ ಪತ್ರಿಕೆಯಲ್ಲಿ ರಾಯರನ್ನು ಬುದ್ಧಿವಂತ ಅನ್ಯಮತೀಯ ಎಂಬರ್ಥದಲ್ಲಿ ಕರೆದರು. ಗ್ರೀಕ್, ಹೀಬ್ರೂ ಕಲಿತು ಬೈಬಲನ್ನು ಮೂಲದಲ್ಲೇ ಓದಿಕೊಂಡಿದ್ದ ರಾಯರು ಸುಮ್ಮನಿರುವ ಜಾಯಮಾನದವರಲ್ಲ. ಒಂದಾದ ಮೇಲೊಂದರಂತೆ ಮೂರು ಉತ್ತರ ಬರೆದರು. ಪಶ್ಚಾತ್ತಾಪ ಪಟ್ಟವನಿಗೆ ದೇವರು ಕ್ಷಮೆ ಕೊಡಲು ಬಲಿಯ ಅಗತ್ಯವಿಲ್ಲ ಎಂಬುದು ಅವರ ವಾದದ ತಿರುಳು. ಕೊನೆಯದನ್ನು ಅಚ್ಚು ಹಾಕಲು ಬ್ಯಾಪ್ಟಿಸ್ಟ್ ಮಿಷನ್ ಮುದ್ರಣಾಲಯ ಒಪ್ಪಲಿಲ್ಲ. ರಾಯರು ತಮ್ಮದೇ ಅಚ್ಚುಮನೆ ಹೂಡಿ 1823ರಲ್ಲಿ ಪ್ರಕಟಿಸಿದರು. ಇಷ್ಟರ ನಡುವೆ, ರಾಯರ ಜೊತೆ ಬೈಬಲ್ ಅನುವಾದಕ್ಕೆ ಕೂತಿದ್ದ ಬ್ಯಾಪ್ಟಿಸ್ಟ್ ಪಾದ್ರಿ ವಿಲಿಯಂ ಆ್ಯಡಮ್ ತಾನೇ ಮನಸ್ಸು ಬದಲಿಸಿ ಯೂನಿಟೇರಿಯನ್ ಆಗಿಬಿಟ್ಟ. ಎರಡನೇ ಸಲ ಬಿದ್ದ ಆದಾಮ ಎಂದು ಊರಿನ ಬಿಳಿಯರು ನಕ್ಕರು.

ದೇವಶಾಸ್ತ್ರದಲ್ಲಿ ಯಾರು ಗೆದ್ದರೆಂಬ ಪಂಚಾಯಿತಿ ನನಗೆ ಬೇಡ. ನಾನು ನೋಡುವುದು ಬೇರೆ. ದೇವರ ಕ್ಷಮೆ ಅಪಾರ ಎಂದು ಸಾರುತ್ತಿದ್ದವರಿಗೆ ತಮ್ಮಂತೆ ನಂಬದ ಒಬ್ಬ ಮನುಷ್ಯನನ್ನು, ಅವನು ಯಾರಿಗೂ ಕೇಡು ಮಾಡದಿದ್ದಾಗಲೂ, ಸಮನಾಗಿ ಕಾಣಲು ಆಗಲಿಲ್ಲ. ಭಿನ್ನ ನಂಬಿಕೆಯೇ ಅವರ ಕಣ್ಣಿಗೆ ತಪ್ಪಾಗಿ ಕಂಡಿತು. ಅಲ್ಲಿಂದಲೇ ಎಡವಟ್ಟು ಶುರು. ತಪ್ಪು ಮಾಡಿದವರಿಗೆ ಕ್ಷಮೆ ಸಲ್ಲುತ್ತದೆ. ಬೇರೆಯಾಗಿರುವವರ ಜೊತೆ ಬಾಳುವುದಕ್ಕೆ ಸಹಿಷ್ಣುತೆ ಬೇಕು. ಬೇರೆಯಾಗಿರುವುದನ್ನೇ ಪಾಪವೆಂದು ಬಗೆದು, ಆಮೇಲೆ ಉದಾರವಾಗಿ ಕ್ಷಮಿಸಿದರೆ ಅದು ಅವಮಾನ. ನಿಜವಾದ ಅಪರಾಧವನ್ನು ಭಿನ್ನಾಭಿಪ್ರಾಯವೆಂದು ಕರೆದು ಸಹಿಸಿಕೊಂಡರೆ ಅದು ಅನ್ಯಾಯ. ನಮ್ಮ ಸಮಾಜ ಈ ಎರಡನ್ನೂ ಒಟ್ಟಿಗೇ ಮಾಡುತ್ತಿದೆ. ಮಿಷನರಿಗಳನ್ನು ಹಳಿಯುವವರು ಇದರಲ್ಲಿ ಹಿಂದೆ ಬಿದ್ದಿಲ್ಲ. ಮನುಷ್ಯನನ್ನು ಪಾಪಿ ಎನ್ನುವುದೇ ಪಾಪ ಎಂದು 1893ರ ಸೆಪ್ಟೆಂಬರಿನಲ್ಲಿ ಶಿಕಾಗೋದಲ್ಲಿ ವಿವೇಕಾನಂದರು ಹೇಳಿದ್ದನ್ನು ಎದೆಯುಬ್ಬಿಸಿ ಹೇಳುವವರೇ, ಅಂತರ್ಜಾತಿ ಮದುವೆಯಾದ ಮಗಳನ್ನು ವರ್ಷಗಳಾದ ಮೇಲೆ ಕ್ಷಮಿಸಿ ಮನೆಗೆ ಸೇರಿಸಿಕೊಂಡೆವು ಎನ್ನುತ್ತಾರೆ. ಆ ಹುಡುಗಿ ಮಾಡಿದ್ದ ತಪ್ಪಾದರೂ ಏನು?

ಸುಜೆಟ್ ಜೋರ್ಡನ್‌ಗೆ ಆದದ್ದು ಇದೇ. ರಾತ್ರಿ ಕ್ಲಬ್ಬಿನಿಂದ ಹೊರಬಂದವರು ಅಪರಿಚಿತರ ಕಾರು ಹತ್ತಿದ್ದರು. ದೂರು ಕೊಟ್ಟಾಗ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಅದನ್ನು ಕಟ್ಟಿದ ಕಥೆ ಎಂಬರ್ಥದಲ್ಲಿ ತಳ್ಳಿಹಾಕಿದರು. ಎರಡು ಮಕ್ಕಳ ತಾಯಿಗೆ ಆ ಹೊತ್ತಿನಲ್ಲಿ ಅಲ್ಲೇನು ಕೆಲಸ ಎಂದು ಸಚಿವರೊಬ್ಬರು ಕೇಳಿದರು. ಪ್ರಕರಣ ನಿಜವೆಂದು ತನಿಖೆಯಿಂದ ತೋರಿಸಿಕೊಟ್ಟ ಪೊಲೀಸ್ ಅಧಿಕಾರಿ ದಮಯಂತಿ ಸೇನ್ ಅವರಿಗೆ ವರ್ಗಾವಣೆಯಾಯಿತು. 2013ರ ಜೂನ್‌ನಲ್ಲಿ, ಕಾಮದುನಿ ಎಂಬ ಹಳ್ಳಿಯ ಹುಡುಗಿಯ ಅತ್ಯಾಚಾರ ಮತ್ತು ಕೊಲೆಯ ವಿರುದ್ಧ ನಗರ ಬೀದಿಗಿಳಿದಾಗ, ಸುಜೆಟ್ ಮುಖದ ಮೇಲಿನ ಮಸುಕು ತೆಗೆಸಿ ಹೆಸರು ಹೇಳಿಕೊಂಡರು. ತಪ್ಪು ಮಾಡದ ನಾನೇಕೆ ಅಡಗಬೇಕು ಎಂಬುದು ಅವರ ಸರಳ ಪ್ರಶ್ನೆಯಾಗಿತ್ತು. 2014ರಲ್ಲಿ ನಗರದ ಒಂದು ಹೋಟೆಲು ಅವರನ್ನು ಒಳಗೆ ಬಿಡಲಿಲ್ಲ. ಮೂವರಿಗೆ ಹತ್ತು ವರ್ಷ ಶಿಕ್ಷೆಯಾದದ್ದು 2015ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಒಂಬತ್ತು ತಿಂಗಳಾಗಿತ್ತು.

ಕಲ್ಲು ಹಿಡಿದ ಗಂಡಸರು ಹೆಂಗಸೊಬ್ಬಳನ್ನು ಯೇಸುವಿನ ಮುಂದೆ ತಂದು ನಿಲ್ಲಿಸಿದ ಪ್ರಸಂಗ ಯೊವಾನ್ನನ ಶುಭಸಂದೇಶದಲ್ಲಿದೆ. ಯೇಸು ಮೊದಲು ಲೆಕ್ಕ ಕೇಳಿದ್ದು ಕಲ್ಲು ಹಿಡಿದವರನ್ನು. ಆ ಪ್ರಸಂಗವನ್ನು ಕ್ಷಮೆಯ ಪಾಠವೆಂದು ಎಲ್ಲರೂ ಓದುತ್ತಾರೆ, ತಪ್ಪಿಲ್ಲ. ಆದರೆ ಪಾರ್ಕ್ ಸ್ಟ್ರೀಟಿನ ಹೆಣ್ಣುಮಗಳಿಗೆ ಅದನ್ನು ಅನ್ವಯಿಸಿ ನಾವು ಆಕೆಯನ್ನೂ ಕ್ಷಮಿಸೋಣ ಎನ್ನುವ ಮೃದುಹೃದಯಿಗಳನ್ನು ನಾನು ಕಲ್ಲು ಹಿಡಿದವರ ಸಾಲಿನಲ್ಲೇ ನಿಲ್ಲಿಸುತ್ತೇನೆ. ಪಾಪವನ್ನು ದ್ವೇಷಿಸು, ಪಾಪಿಯನ್ನು ಪ್ರೀತಿಸು ಎಂಬ ಸವೆದ ಮಾತು ಸಲಿಂಗಿಗಳ ವಿಷಯಕ್ಕೆ ಬಂದಾಗ ಚರ್ಚುಗಳಲ್ಲಿ ತಪ್ಪದೆ ಕೇಳಿಬರುತ್ತದೆ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅವರನ್ನು ಅಪರಾಧಿಗಳ ಪಟ್ಟಿಯಿಂದ ಕೈಬಿಟ್ಟಿತು. ಕಾನೂನು ಕೈಬಿಟ್ಟ ಮೇಲೂ ಕ್ಷಮಿಸಲು ಹೊರಟವರ ಪ್ರೀತಿಯನ್ನು ಪಡೆದವರೇ ಬಲ್ಲರು, ಎಷ್ಟು ಚುಚ್ಚುತ್ತದೆಂದು.

ಇದೇ ಕೋಲ್ಕತ್ತದಲ್ಲಿ ಸಹಿಷ್ಣುತೆಯ ಬೇರೆ ಮಾದರಿಯೂ ಇದೆ. ನ್ಯೂ ಮಾರ್ಕೆಟ್ಟಿನಲ್ಲಿ ನಾಹೂಮ್ಸ್ ಎಂಬ ಬೇಕರಿ ಇದೆ, 1902ರಲ್ಲಿ ಶುರುವಾದದ್ದು. ಬಾಗ್ದಾದಿನಿಂದ ಬಂದ ಯೆಹೂದಿ ಕುಟುಂಬದ್ದು. ಕ್ರಿಸ್‌ಮಸ್ ಹತ್ತಿರ ಬಂದರೆ ಹಣ್ಣಿನ ಕೇಕಿಗಾಗಿ ಅದರ ಮುಂದೆ ಸಾಲು ಬೆಳೆಯುತ್ತದೆ. ಒಲೆಯ ಮುಂದೆ ಮುಸ್ಲಿಂ ಕೆಲಸಗಾರರು, ಸಾಲಿನಲ್ಲಿ ಬಹುಪಾಲು ಬಂಗಾಳಿ ಹಿಂದೂಗಳು, ಹಬ್ಬ ಕ್ರೈಸ್ತರದು. ನಗರದ ಸಿನಗಾಗುಗಳನ್ನು ತಲೆಮಾರುಗಳಿಂದ ನೋಡಿಕೊಳ್ಳುತ್ತ ಬಂದವರೂ ಮುಸ್ಲಿಮರೇ. ಅಲ್ಲಿ ಯಾರೂ ಯಾರನ್ನೂ ಕ್ಷಮಿಸಿಲ್ಲ, ಕ್ಷಮಿಸಬೇಕಾದದ್ದು ಏನೂ ನಡೆದಿಲ್ಲ. ಗಲ್ಲಾದಲ್ಲಿ ಕೂತವರು ದುಡ್ಡು ಎಣಿಸುತ್ತಾರೆ, ಹುಡುಗ ಕೇಕು ಕಟ್ಟಿಕೊಡುತ್ತಾನೆ, ಮುಂದಿನವರು ಬನ್ನಿ ಎನ್ನುತ್ತಾನೆ. ದೇವಶಾಸ್ತ್ರ ಬೇಡದ ಈ ವ್ಯವಹಾರಕ್ಕೆ ಇರುವ ಮರ್ಯಾದೆ ನಮ್ಮ ಸರ್ವಧರ್ಮ ಸಮ್ಮೇಳನಗಳ ಭಾಷಣಗಳಿಗಿಲ್ಲ.

ನಮ್ಮ ಕರಾವಳಿಗೂ ಈ ಮಾತು ಹೊರತಲ್ಲ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಮೇಲೆ, ಜಿಲ್ಲೆಯ ಇತರ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ದಾಳಿಗಳ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಸೋಮಶೇಖರ ಆಯೋಗದ ವರದಿ 2011ರಲ್ಲಿ ಬಂದಾಗ ಅದನ್ನು ಕ್ರೈಸ್ತ ಸಂಘಟನೆಗಳು ಒಪ್ಪಲಿಲ್ಲ. ಹಳೆಯದನ್ನು ಕೆದಕಬೇಡಿ, ನಿಮ್ಮದು ಕ್ಷಮೆಯ ಧರ್ಮವಲ್ಲವೇ ಎಂಬ ಉಪದೇಶ ಇಂಥ ಹೊತ್ತಿನಲ್ಲೆಲ್ಲ ಹಾಜರಾಗುತ್ತದೆ. ಉಪದೇಶ ಮಾಡುವವರು ಮೊದಲು ಮಾಡಬೇಕಾದ ಕೆಲಸ ಬೇರೆಯಿದೆ. ಶಿಲುಬೆ ಮುರಿದವರ ಕಡೆಯಿಂದ ಒಬ್ಬರಾದರೂ ಬಂದು ಇಂಥದ್ದು ಮಾಡಿದೆವು ಎಂದು ಹೇಳುವಂತೆ ಮಾಡಲಿ. ಆಮೇಲೆ ಕ್ಷಮಿಸುವುದು ಬಿಡುವುದು ಆ ಮಠದ ಸಿಸ್ಟರುಗಳಿಗೆ ಸೇರಿದ್ದು.

ಪತ್ರಿಕೆ ಮತ್ತು ಟಿವಿಯವರಲ್ಲಿ ಒಂದು ವಿನಂತಿ ಇದೆ. ಇಂಥ ಘಟನೆ ಮತ್ತೆ ನಡೆದಾಗ, ನಡೆಯದಿರಲಿ, ಆಸ್ಪತ್ರೆಯ ಹಾಸಿಗೆಯ ಪಕ್ಕಕ್ಕೆ ಮೈಕು ಹಿಡಿದು ಹೋಗಿ ಅವರನ್ನು ಕ್ಷಮಿಸಿದಿರಾ ಎಂದು ಕೇಳಬೇಡಿ. ಠಾಣೆಗೆ ಹೋಗಿ, ಅವರನ್ನು ಹಿಡಿದಿರಾ ಎಂದು ಕೇಳಿ.